ದೇವನಾಮದ ಗೌರವ ಉಳಿಸಿದ ಚರಿತ್ರೆ

ಯಹೂದಿಯರಲ್ಲಿ ಒಂದು ಹಳೆಯ ಪದ್ಧತಿಯಿದೆ. ದೇವನಾಮವಿರುವ ಹಾಳೆ ಹರಿದರೂ ಎಸೆಯುವುದಿಲ್ಲ. ಪ್ರಾರ್ಥನಾಲಯದ ಕೋಣೆಯೊಂದರಲ್ಲಿ ಕೂಡಿಟ್ಟು, ಬಳಿಕ ಹೂಳುತ್ತಾರೆ. ಇದಕ್ಕೆ 'ಗೆನಿಜಾ' ಎಂದು ಹೆಸರು. ದೇವರ ಹೆಸರನ್ನು ಅಳಿಸಬಾರದೆಂಬ ಈ ನಿಯಮವನ್ನು ಅವರ ಪಂಡಿತರು ತೌರಾತಿನಿಂದ ತೆಗೆದರು. ನಮ್ಮ 'ಜನಾಝಾ' ಶಬ್ದಕ್ಕೂ ಇದಕ್ಕೂ ಮೂಲ ಒಂದೇ ಎಂದು ವಿದ್ವಾಂಸ ಗೊಯ್ಟೈನ್ ಬರೆದಿದ್ದಾರೆ.

ಈಜಿಪ್ಟಿನ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾಲಯದಲ್ಲಿ ಇಂಥ ಹಾಳೆಗಳು ಹೂಳದೆಯೇ ಶತಮಾನಗಳ ಕಾಲ ಉಳಿದವು. ಧರ್ಮಗ್ರಂಥಗಳಷ್ಟೇ ಅಲ್ಲ, ವ್ಯಾಪಾರದ ಪತ್ರಗಳೂ ಅಲ್ಲಿದ್ದವು. ಅವುಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಆ ಲಿಪಿಯ ಗೌರವಕ್ಕಾಗಿ ಅವೂ ಕೋಣೆ ಸೇರಿದ್ದವು. 1896-97ರಲ್ಲಿ ಹೆಚ್ಚಿನವು ಕೇಂಬ್ರಿಜ್‌ಗೆ ಹೋದವು.

ಅವುಗಳಲ್ಲಿ ನಮ್ಮ ಕರ್ನಾಟಕವೂ ಸಿಕ್ಕಿತು! ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗಿನ ಹೆಚ್ಚಿನ ವರ್ಷಗಳನ್ನು ಮಂಗಳೂರಿನಲ್ಲಿ ಕಳೆದಿದ್ದ. ಅವನ ಪರವಾಗಿ ಏಡನ್‌ವರೆಗೆ ಹೋಗಿ ಬರುತ್ತಿದ್ದ ಸೇವಕನ ಹೆಸರು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್ ಗುರುತಿಸಿದ್ದಾರೆ. ಏಡನ್ನಿನ ವರ್ತಕ ಖಲಫ್ ಇಬ್ನ್ ಇಸ್‌ಹಾಕ್ ತನ್ನ ಪತ್ರಗಳಲ್ಲಿ ಆ ಸೇವಕನಿಗೂ ಸಲಾಂ ತಿಳಿಸಿದ್ದಾನೆ. ದೇವನಾಮದ ಮೇಲಿನ ಅದಬು ಒಬ್ಬ ಬಡ ಸೇವಕನ ಹೆಸರನ್ನೂ ಉಳಿಸಿತು.

ನಾವೂ ಹಳೆಯ ಕುರ್‌ಆನ್ ಹಾಳೆಗಳನ್ನು ಅದಬಿನಿಂದ ಹೂಳುತ್ತೇವೆ, ಇಲ್ಲವೇ ಹೊಳೆಗೆ ಬಿಡುತ್ತೇವೆ. ಆದರೆ ಲಿಪಿ ಒಂದೇ ರೀತಿ ಕಾಣುವುದರಿಂದ ಅಜ್ಜಂದಿರ ಉರ್ದು ಪತ್ರ, ನಿಕಾಹ್‌ನಾಮಾ, ವಕ್ಫ್ ಕಾಗದಗಳೂ ಅದೇ ಗಂಟಿನಲ್ಲಿ ಕೃಷ್ಣೆಯ ಪಾಲಾಗುವುದುಂಟು. ಜಮಖಂಡಿ, ಮುಧೋಳ, ಬನಹಟ್ಟಿಯ ನಮ್ಮ ಮನೆತನಗಳ ಚರಿತ್ರೆ ಇರುವುದು ಅಂಥ ಕಾಗದಗಳಲ್ಲೇ. ಗಂಟು ಕಟ್ಟುವ ಮೊದಲು ಉರ್ದು ಬಲ್ಲ ಹಿರಿಯರಿಗೆ ಒಮ್ಮೆ ತೋರಿಸೋಣ.