ಪೂಜೆಯೂ ಲೆಕ್ಕವೂ: ಶೀರೂರು ಮಠದ ಮೊಕದ್ದಮೆ

ಸಂವಿಧಾನ ಜಾರಿಗೆ ಬಂದ ಹೊಸತರಲ್ಲಿ ದೇಶದ ಮುಂದೆ ಒಂದು ಕಠಿಣ ಪ್ರಶ್ನೆ ಎದ್ದಿತು. ಮಠ, ದೇವಸ್ಥಾನಗಳ ಹಣಕಾಸಿನ ಲೆಕ್ಕವನ್ನು ಸರ್ಕಾರ ಕೇಳಬಹುದೇ? ಕೇಳಿದರೆ ಧರ್ಮದಲ್ಲಿ ಕೈಹಾಕಿದಂತಾಗದೇ? ಇದಕ್ಕೆ ಸುಪ್ರೀಂ ಕೋರ್ಟು ವಿವರವಾಗಿ ಉತ್ತರ ಕೊಟ್ಟದ್ದು ನಮ್ಮ ಕರಾವಳಿಯ ಉಡುಪಿಯಿಂದ ಹೋದ ಮೊಕದ್ದಮೆಯಲ್ಲಿ.

ಉಡುಪಿಯ ಶ್ರೀಕೃಷ್ಣನ ಪೂಜೆಯನ್ನು ಅಷ್ಟಮಠಗಳು ಎರಡೆರಡು ವರ್ಷ ಸರದಿಯಂತೆ ನಡೆಸುತ್ತವೆ. ಇದೇ ಪರ್ಯಾಯ. ಆ ಅವಧಿಯ ಪೂಜೆ, ಅನ್ನಸಂತರ್ಪಣೆಗಳ ಹೊಣೆ ಸರದಿಯ ಮಠದ್ದು. 1946ರಲ್ಲಿ ಶೀರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿಯವರ ಸರದಿ ಬಂದಾಗ ಮಹಾಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಸಾಮಾನುಗಳ ಅಭಾವ, ಬೆಲೆಯೇರಿಕೆಗಳಿಂದ ಮಠದ ಸಾಲ ಲಕ್ಷ ರೂಪಾಯಿಯ ಸಮೀಪಕ್ಕೆ ಬಂತು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ತಾನೇ ಯೋಜನೆ ರೂಪಿಸಹೊರಟಿತು. ಸ್ವಾಮೀಜಿ ಹೈಕೋರ್ಟಿಗೆ ಹೋದರು. ಅಷ್ಟರಲ್ಲಿ 1951ರ ಹೊಸ ದತ್ತಿ ಕಾಯಿದೆಯೂ ಬಂತು. ಹೈಕೋರ್ಟಿನ ತೀರ್ಪು ಮಠದ ಪರವಾಯಿತು. ಸರ್ಕಾರದ ಕಡೆಯವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

1954ರ ಮಾರ್ಚ್ 16ರಂದು ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪು ಹೊರಬಿತ್ತು. ಅದನ್ನು ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು. ಯಾವ ಪೂಜೆ, ಯಾವ ವಿಧಿ ಅಗತ್ಯವೆಂಬುದನ್ನು ಆಯಾ ಸಂಪ್ರದಾಯದವರೇ ನಿರ್ಧರಿಸಬೇಕು. ಆದರೆ ಆ ವಿಧಿಗಳಿಗೆ ಎಷ್ಟು ಖರ್ಚು ಮಾಡಬೇಕೆಂಬುದು ಆಸ್ತಿಯ ಆಡಳಿತಕ್ಕೆ ಸೇರಿದ ವಿಷಯ. ಅದನ್ನು ಕಾನೂನು ನಿಯಂತ್ರಿಸಬಹುದು. ಸಂವಿಧಾನದ 26ನೇ ವಿಧಿಯಲ್ಲೇ ಈ ಗೆರೆಯಿದೆ. ಹಾಗಾಗಿ ಸಂಸ್ಥೆಗಳು ಬಜೆಟ್ ಒಪ್ಪಿಸಬೇಕೆಂಬ ನಿಯಮ ಉಳಿಯಿತು. ಅಧಿಕಾರಿಗಳು ಪವಿತ್ರ ಸ್ಥಳಗಳಿಗೆ ಮನಬಂದಂತೆ ನುಗ್ಗಬಹುದೆಂಬ ನಿಯಮ ಬಿದ್ದುಹೋಯಿತು. ಆದಾಯದ ಮೇಲಿನ ವಂತಿಗೆಯೂ ರದ್ದಾಯಿತು. ಸರ್ಕಾರದ ಮೇಲ್ಮನವಿ ವಜಾ ಆಯಿತು. ಗೆದ್ದವರು ಸ್ವಾಮೀಜಿ, ಆದರೂ ಲೆಕ್ಕ ಕೇಳುವ ತತ್ವ ಸೋಲಲಿಲ್ಲ.

ಮೂರು ವರ್ಷಗಳ ಬಳಿಕ, 1957ರಲ್ಲಿ, ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ ಇನ್ನೊಂದು ಗೆರೆ ಎಳೆಯಿತು. ಅದು ಗೌಡ ಸಾರಸ್ವತ ಬ್ರಾಹ್ಮಣರ ದೇವಸ್ಥಾನವೆಂದು ನ್ಯಾಯಾಲಯ ಒಪ್ಪಿತು. ಕೆಲವು ವಿಶೇಷ ಸೇವೆಗಳನ್ನು ಸಮಾಜದವರಿಗೇ ಉಳಿಸಿತು. ಆದರೆ ದಲಿತರೂ ಸೇರಿ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಲೇಬೇಕೆಂದಿತು.

‘ಜಾತ್ಯತೀತ’ ಎಂಬ ಮಾತು ಸಂವಿಧಾನದ ಪ್ರಸ್ತಾವನೆಗೆ ಸೇರಿದ್ದು 1976ರಲ್ಲಿ. ಅದರ ಅರ್ಥ ಅದಕ್ಕೂ ಮೊದಲೇ ಇಂಥ ತೀರ್ಪುಗಳಲ್ಲಿ ರೂಪುಗೊಂಡಿತ್ತು. ದೇವಸ್ಥಾನವಿರಲಿ, ದರ್ಗಾ ಇರಲಿ, ಇಗರ್ಜಿ ಇರಲಿ, ಪ್ರಾರ್ಥನೆ ಹೇಗಿರಬೇಕೆಂದು ಅಧಿಕಾರಿ ಹೇಳುವಂತಿಲ್ಲ. ಕಾಣಿಕೆ ಏನಾಯಿತೆಂದು ಕಾನೂನು ಕೇಳಿದಾಗ ಆಡಳಿತದವರು ಮೌನವಾಗಿರುವಂತಿಲ್ಲ. ಹುಂಡಿಗೆ ಹಾಕಿದ ಕೂಲಿಯವನ ಒಂದು ರೂಪಾಯಿಗೂ ಲೆಕ್ಕವಿರಬೇಕು.