ಕಣ್ಣು ನೋಡುವವರ ಹೆಸರು ಯಾವ ಪಟ್ಟಿಯಲ್ಲಿದೆ?

ಮೆಡಿಕಲ್ ಶಾಪಿಗೆ ಹೋದಾಗ ಒಮ್ಮೆ ಗೋಡೆಯ ಕಡೆ ನೋಡಿ. ಚೌಕಟ್ಟು ಹಾಕಿದ ಲೈಸೆನ್ಸ್ ತೂಗುತ್ತಿರುತ್ತದೆ. ವೈದ್ಯರ ಚೀಟಿ ನೋಡಿ ಔಷಧಿ ಕೊಡಲು ಅಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು ಎನ್ನುವುದು ಕಾನೂನು.

ಈಗ ಮಂಗಳೂರಿನ ಸ್ಟೇಟ್ ಬ್ಯಾಂಕಿನಲ್ಲಿ ಬಸ್ ಇಳಿದು, ಹಂಪನಕಟ್ಟೆಯ ಕಡೆ ನಡೆದು, ಒಂದು ಕನ್ನಡಕದ ಅಂಗಡಿಗೆ ಹೋದಿರಿ ಅಂದುಕೊಳ್ಳಿ. ಒಬ್ಬರು ನಿಮ್ಮನ್ನು ಮಷೀನಿನ ಮುಂದೆ ಕೂರಿಸಿ ಕಣ್ಣಿನ ನಂಬರ್ ಬರೆದುಕೊಡುತ್ತಾರೆ. ಅವರು ಏನು ಓದಿದ್ದಾರೆ? ತಪ್ಪಾದರೆ ಯಾರಿಗೆ ದೂರು ಕೊಡಬೇಕು? ಅವರ ಹೆಸರು ಯಾವ ಪಟ್ಟಿಯಲ್ಲಿದೆ? 2021ರವರೆಗೆ ಈ ಕೊನೆಯ ಪ್ರಶ್ನೆಗೆ ದೇಶದ ಕಾನೂನಿನಲ್ಲಿ ಉತ್ತರವೇ ಇರಲಿಲ್ಲ.

ಔಷಧಿ ಅಂಗಡಿಗೆ 1948ರಲ್ಲೇ ಬಂದ ನಿಯಮ ಕಣ್ಣಿನ ನಂಬರ್ ನೋಡುವವರಿಗೆ ಬರಲು ಇಷ್ಟು ತಡ ಯಾಕಾಯಿತು? ಆ ಕತೆಯನ್ನು ನಮ್ಮ ಕರಾವಳಿಯಿಂದಲೇ ಶುರು ಮಾಡೋಣ.

ಮದ್ರಾಸಿನ ಕಾಲದ ಪಟ್ಟಿಗಳು

1956ರ ನವೆಂಬರ್ 1ರವರೆಗೆ ಮಂಗಳೂರು ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನಲ್ಲಿ ಕಣ್ಣಿಗೆಂದೇ ಆಸ್ಪತ್ರೆ ಶುರುವಾಗಿದ್ದು 1819ರಲ್ಲಿ. ಜಗತ್ತಿನ ಅತಿ ಹಳೆಯ ಕಣ್ಣಾಸ್ಪತ್ರೆಗಳ ಸಾಲಿನಲ್ಲಿ ಅದಕ್ಕೆ ಜಾಗವಿದೆ. ಮಂಗಳೂರಿನ ಸರ್ಕಾರಿ ಆಸ್ಪತ್ರೆ 1848ರದ್ದು. ಆಮೇಲೆ ಮದ್ರಾಸಿನ ಗವರ್ನರ್ ವೆನ್ಲಾಕ್ ಅವರ ಹೆಸರು ಅದಕ್ಕೆ ಬಂತು.

ಆಸ್ಪತ್ರೆಗಳು ಬಂದವು. ಆದರೆ ಯಾರು ನಿಜವಾದ ಡಾಕ್ಟರ್ ಎಂದು ತಿಳಿಯುವುದು ಹೇಗೆ? ಅದಕ್ಕೆ 1914ರಲ್ಲಿ ಮದ್ರಾಸ್ ವೈದ್ಯಕೀಯ ನೋಂದಣಿ ಕಾಯ್ದೆ ಬಂತು. 1926ರಲ್ಲಿ ದಾದಿಯರು ಮತ್ತು ಸೂಲಗಿತ್ತಿಯರಿಗೆ ಮದ್ರಾಸಿನಲ್ಲೇ ಇನ್ನೊಂದು ಕಾಯ್ದೆಯಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶಕ್ಕೆ 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. 1948ರಲ್ಲಿ ಫಾರ್ಮಸಿಯವರಿಗೆ ಒಂದು, ಹಲ್ಲಿನ ವೈದ್ಯರಿಗೆ ಇನ್ನೊಂದು.

ಇಂಥ ಕಾಯ್ದೆ ಮಾಡುವ ಮುಖ್ಯ ಕೆಲಸ ಮೂರು. ಏನು ಓದಿರಬೇಕು ಎಂದು ಹೇಳುತ್ತದೆ. ಓದಿದವರ ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತದೆ. ದೊಡ್ಡ ತಪ್ಪು ಮಾಡಿದರೆ ಆ ಹೆಸರನ್ನು ಹೊಡೆದುಹಾಕುತ್ತದೆ. ನಮ್ಮಂಥ ಜನಸಾಮಾನ್ಯರಿಗೆ ಮೂರನೆಯದೇ ಮುಖ್ಯ. ಪಟ್ಟಿಯೇ ಇಲ್ಲದಿದ್ದರೆ ಹೊಡೆದುಹಾಕುವುದು ಏನನ್ನು?

ಈ ಸಾಲಿನಲ್ಲಿ ಕಣ್ಣಿನ ನಂಬರ್ ನೋಡುವವರು ಇರಲಿಲ್ಲ. ನಮಗೆ ಕಾಣುವ ಕಾರಣ ಇದು: ಔಷಧಿಯನ್ನು ಚಿಕಿತ್ಸೆ ಎಂದು ನೋಡಿದರು, ಕನ್ನಡಕವನ್ನು ಸಾಮಾನು ಎಂದು ನೋಡಿದರು. ಗಾಜು, ಫ್ರೇಮು, ಬೆಲೆ, ಅಷ್ಟೆ. ವಾಚ್ ರಿಪೇರಿ ಮತ್ತು ಕನ್ನಡಕ ಎರಡೂ ಒಂದೇ ಬೋರ್ಡಿನ ಕೆಳಗೆ ಇರುವ ಅಂಗಡಿಗಳನ್ನು ನಮ್ಮ ಪೇಟೆಗಳಲ್ಲಿ ನೀವೂ ನೋಡಿರುತ್ತೀರಿ.

ಬೇರೆ ಕಡೆಯೂ ಇದು ಸುಲಭಕ್ಕೆ ಆಗಲಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯ 1901ರಲ್ಲಿ ಮೊದಲ ಆಪ್ಟೋಮೆಟ್ರಿ ಕಾನೂನು ಮಾಡಿತು. ಬ್ರಿಟನ್ನಿನಲ್ಲಿ ಆಪ್ಟಿಶಿಯನ್ ಕಾಯ್ದೆ ಬಂದಿದ್ದು 1958ರಲ್ಲಿ. ಕಣ್ಣು ಪರೀಕ್ಷೆ ಮಾಡುವವರಿಗೆ ಒಂದು ಪಟ್ಟಿ, ಚೀಟಿ ನೋಡಿ ಕನ್ನಡಕ ಮಾಡಿಕೊಡುವವರಿಗೆ ಇನ್ನೊಂದು ಪಟ್ಟಿ ಎಂದು ಅದು ಬೇರೆ ಮಾಡಿತು. ಡಾಕ್ಟರ್, ದಾದಿಯರ ಪಟ್ಟಿಯ ಪದ್ಧತಿ ಬ್ರಿಟಿಷರ ಕಾಲದಲ್ಲೇ ನಮಗೆ ಬಂದಿತ್ತು. ಕನ್ನಡಕದವರ ಪಟ್ಟಿ ಅಲ್ಲೇ ಆಗುವಾಗ ಅವರು ಇಲ್ಲಿಂದ ಹೋಗಿ 11 ವರ್ಷ ಕಳೆದಿತ್ತು.

ಒಂದೇ ಕೆಲಸ, ಮೂರು ದಾರಿ

ಕಾನೂನು ಇಲ್ಲದಿದ್ದರೂ ಕೆಲಸ ನಿಲ್ಲಲಿಲ್ಲ. ಕಣ್ಣಿನ ನಂಬರ್ ನೋಡುವವರು ನಮ್ಮಲ್ಲಿ ಮೂರು ದಾರಿಯಿಂದ ಬಂದರು.

ಮೊದಲನೆಯದು ಅಂಗಡಿಯ ದಾರಿ. ಅಪ್ಪನಿಂದ ಮಗ, ಧಣಿಯಿಂದ ಕೆಲಸದ ಹುಡುಗ ಕಲಿತಿದ್ದು. ಗಾಜು ಉಜ್ಜುವುದು, ಫ್ರೇಮಿಗೆ ಸರಿಯಾಗಿ ಕೂರಿಸುವುದು, ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯುವುದು, ಇದೆಲ್ಲ ಕೈಯಲ್ಲೇ ಇರುವ ವಿದ್ಯೆ.

ಎರಡನೆಯದು ಸರ್ಕಾರದ ದಾರಿ. ಇದರ ಹಿಂದೆ ನಮ್ಮ ಹಳ್ಳಿಗಳ ದೊಡ್ಡ ನೆನಪೊಂದಿದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆದರು. ಕಣ್ಣೊಳಗೇ ಲೆನ್ಸ್ ಕೂರಿಸುವ ಪದ್ಧತಿ ಬರುವವರೆಗೆ, ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರಿಗೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕಿತ್ತು. ಅಂದರೆ ಆಪರೇಷನ್ ಡಾಕ್ಟರ್ ಮಾಡಿದರೂ, ಮತ್ತೆ ಕಾಣುವ ಹಾಗೆ ಆಗಬೇಕಾದರೆ ನಂಬರ್ ನೋಡುವ ಇನ್ನೊಬ್ಬರು ಬೇಕಿತ್ತು. 1963ರಲ್ಲಿ ಟ್ರಕೋಮಾ ಎಂಬ ಕಣ್ಣುರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂತು. ಅದರ ಕೆಲಸಕ್ಕೆ ನೇತ್ರ ಸಹಾಯಕರನ್ನು ತರಬೇತು ಮಾಡಿದರು. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಎಂದು ನಾವು ಕರೆಯುವವರು ಈ ದಾರಿಯವರು.

ಮೂರನೆಯದು ಕಾಲೇಜಿನ ದಾರಿ. ಚೆನ್ನೈಯ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ 1985ರಲ್ಲಿ ಶುರುವಾಗಿ ನಾಲ್ಕು ವರ್ಷದ ಪದವಿ ಕೊಟ್ಟಿತು. ಈಗ ನಮ್ಮ ಪಕ್ಕದಲ್ಲೇ, ದೇರಳಕಟ್ಟೆಯಲ್ಲೂ ಮಣಿಪಾಲದಲ್ಲೂ ಆಪ್ಟೋಮೆಟ್ರಿ ಓದಬಹುದು. ಹಳ್ಳಿಯ ಹುಡುಗ ಹುಡುಗಿಯರು ಬಹಳ ಮಂದಿ ಈ ಕೋರ್ಸಿಗೆ ಸೇರುತ್ತಿದ್ದಾರೆ.

ಮೂವರನ್ನೂ ನಾವು ಕರೆಯುವುದು "ಕಣ್ಣಿನ ಡಾಕ್ಟ್ರು" ಎಂದೇ. ಆದರೆ ಕಣ್ಣಿನ ಡಾಕ್ಟರ್ ಎಂದರೆ ಎಂಬಿಬಿಎಸ್ ಮುಗಿಸಿ ಕಣ್ಣಿನ ವಿಷಯದಲ್ಲೇ ಮುಂದೆ ಓದಿದವರು. ಆಪರೇಷನ್ ಮಾಡುವವರು ಅವರು. ಆಪ್ಟೋಮೆಟ್ರಿಸ್ಟ್ ಆಪರೇಷನ್ ಮಾಡುವುದಿಲ್ಲ. ದೃಷ್ಟಿ ಅಳೆಯುತ್ತಾರೆ, ರೋಗದ ಗುರುತು ಕಂಡರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಈ "ಕಳಿಸುವುದು" ಎಷ್ಟು ದೊಡ್ಡ ವಿಷಯ ನೋಡಿ. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಅಕ್ಕಂದಿರು ಬಹಳ ಮಂದಿ. ನಲವತ್ತು ದಾಟಿದ ಮೇಲೆ ಎಲೆ, ನೂಲು ಮಸುಕಾಗುತ್ತದೆ. ಚಾಳೀಸು ಬಂತು ಎಂದು ಅಂಗಡಿಗೆ ಹೋಗುತ್ತಾರೆ, ಕನ್ನಡಕ ಸಿಗುತ್ತದೆ, ಕೆಲಸ ನಡೆಯುತ್ತದೆ. ಆದರೆ ಗ್ಲಾಕೊಮಾ ಎಂಬ ರೋಗವೂ ನಲವತ್ತರ ನಂತರ ಹೆಚ್ಚು. ಅದರ ಸಾಮಾನ್ಯ ಬಗೆಯಲ್ಲಿ ನೋವಿಲ್ಲ, ಕೆಂಪಿಲ್ಲ. ಬದಿಯ ನೋಟ ಮೆಲ್ಲಗೆ ಹೋಗುತ್ತದೆ. ಹೋದ ನೋಟ ತಿರುಗಿ ಬರುವುದಿಲ್ಲ. ಬರೀ ನಂಬರ್ ನೋಡುವವರಿಗೆ ಅದು ಕಾಣುವುದಿಲ್ಲ. ಕಣ್ಣಿನ ಒತ್ತಡ ಅಳೆದು ಹಿಂಭಾಗದ ನರ ನೋಡಲು ಕಲಿತವರಿಗೆ ಕಾಣುತ್ತದೆ. ಪಟ್ಟಿಯಲ್ಲಿ ಹೆಸರು ಇರಬೇಕು ಎನ್ನುವುದು ಇದಕ್ಕಾಗಿ.

2021ರಲ್ಲಿ ಆಗಿದ್ದು

2007ರಲ್ಲಿ ಸಂಸತ್ತಿಗೆ ಒಂದು ಮಸೂದೆ ಬಂದಿತ್ತು. ಅದು ಲ್ಯಾಬ್, ಎಕ್ಸ್‌ರೇ, ಫಿಸಿಯೋಥೆರಪಿಯವರ ಕುರಿತಾಗಿತ್ತು. ಪಾಸಾಗದೆ ಬಿದ್ದುಹೋಯಿತು. 2018ರ ಕೊನೆಯಲ್ಲಿ ಇನ್ನೊಂದು ಬಂತು, 2020ರಲ್ಲಿ ಅದನ್ನು ತಿದ್ದಿ ಮತ್ತೆ ತಂದರು. ಕೊರೊನಾ ಕಾಲದಲ್ಲಿ, 2021ರ ಮಾರ್ಚ್‌ನಲ್ಲಿ, ಎರಡೂ ಸದನಗಳಲ್ಲಿ ಪಾಸಾಯಿತು. ಅದೇ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ. ಅದರ ಪಟ್ಟಿಯಲ್ಲಿ ಹತ್ತು ಗುಂಪುಗಳಿವೆ. ಕಣ್ಣಿನ ಗುಂಪಿನಲ್ಲಿ ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕ, ವಿಷನ್ ಟೆಕ್ನಿಷಿಯನ್ ಇದ್ದಾರೆ. ಪ್ರತಿ ರಾಜ್ಯದಲ್ಲಿ ಕೌನ್ಸಿಲ್ ಇರಬೇಕು, ಅದು ರಿಜಿಸ್ಟರ್ ಇಡಬೇಕು.

ಕೌನ್ಸಿಲ್ ಮಾಡಲು ರಾಜ್ಯಗಳಿಗೆ ಕೊಟ್ಟಿದ್ದು ಆರು ತಿಂಗಳು. ಎಷ್ಟೋ ರಾಜ್ಯಗಳು ಮಾಡಲೇ ಇಲ್ಲ. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಹಾಕಬೇಕಾಯಿತು. ಕರ್ನಾಟಕದಲ್ಲಿ ಕೌನ್ಸಿಲ್ ಆಗಿದೆ.

ಅಂಗಡಿಯವರ ಗತಿ ಏನು?

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಕನ್ನಡಕ ಮಾಡಿಕೊಡುವವರಿಗೆ ಬೇರೆ ಪಟ್ಟಿ ಇದ್ದ ಹಾಗೆ ನಮ್ಮ ಕಾಯ್ದೆಯ ಪಟ್ಟಿಯಲ್ಲಿ ಆಪ್ಟಿಶಿಯನ್ ಎಂಬ ಪ್ರತ್ಯೇಕ ಹೆಸರಿಲ್ಲ. ಮೂವತ್ತು ವರ್ಷ ಗಾಜು ಉಜ್ಜಿದ ಕೈಗೆ ಎಲ್ಲಿ ಜಾಗ?

ಹಳೆಯ ಕಾನೂನಿನಲ್ಲಿ ಒಂದು ದಾರಿ ಕಾಣುತ್ತದೆ. 1948ರ ಫಾರ್ಮಸಿ ಕಾಯ್ದೆ ಮೊದಲ ರಿಜಿಸ್ಟರ್ ಬರೆಯುವಾಗ, ಡಿಪ್ಲೊಮಾ ಇಲ್ಲದಿದ್ದರೂ ಐದು ವರ್ಷ ಔಷಧಿ ಬೆರೆಸಿ ಕೊಟ್ಟ ಅನುಭವ ಇದ್ದವರನ್ನು ಸೇರಿಸಿಕೊಂಡಿತು. ಆಮೇಲೆ ಬಂದವರಿಗೆ ಓದು ಕಡ್ಡಾಯವಾಯಿತು. ಹಳಬರ ಹೊಟ್ಟೆಗೆ ಹೊಡೆಯಲಿಲ್ಲ, ಬಾಗಿಲನ್ನು ಸದಾ ತೆರೆದೂ ಇಡಲಿಲ್ಲ.

ಇನ್ನೊಂದು ಮಾತು. ಕನ್ನಡಕ ಸುಲಭವಾಗಿ ಸಿಗದ ಹಾಗೆ ಕಾನೂನು ಬಿಗಿಯಾದರೆ ಬಡವರಿಗೆ ನಷ್ಟ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಇಲ್ಲದವರಿಗಿಂತ ಅವರ ಎಲೆ ಕೊಯ್ಲು ಸುಮಾರು ಶೇ. 22ರಷ್ಟು ಹೆಚ್ಚಿತು. ಬೀಡಿ ಕಟ್ಟುವ ಮನೆಗೂ ಈ ಲೆಕ್ಕ ಅರ್ಥವಾಗುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಕನ್ನಡಕ ಮಾರುವುದು ಬೇರೆ, ಕಣ್ಣು ಪರೀಕ್ಷೆ ಮಾಡುವುದು ಬೇರೆ. ಸಂತೆಯಲ್ಲಿ ಓದುವ ಕನ್ನಡಕ ಸಿಗಲಿ. ಆದರೆ "ಕಣ್ಣು ಪರೀಕ್ಷೆ" ಎಂದು ಬೋರ್ಡ್ ಹಾಕುವವರ ಹೆಸರು ರಿಜಿಸ್ಟರಿನಲ್ಲಿರಬೇಕು, ಆ ನೋಂದಣಿ ಸಂಖ್ಯೆ ಗೋಡೆಯ ಮೇಲೆ ಕಾಣಬೇಕು.

ಅಲ್ಲಿಯವರೆಗೆ ಅಂಗಡಿಯಲ್ಲಿ ಮೂರು ಮಾತು ಕೇಳಿ. ನೀವು ಏನು ಓದಿದ್ದೀರಿ? ನಿಮ್ಮ ನೋಂದಣಿ ಆಗಿದೆಯೇ? ನನ್ನ ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೀರಾ? ನಲವತ್ತು ದಾಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೊಮಾ ಇದ್ದರೆ, ಕನ್ನಡಕ ತಗೊಂಡ ಮೇಲೂ ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ತೋರಿಸಿ. ಕೇಳಲು ಸಂಕೋಚ ಬೇಡ. ಔಷಧಿ ಅಂಗಡಿಯ ಗೋಡೆಗೆ ಬಂದ ಕಾಗದ ಕನ್ನಡಕದ ಅಂಗಡಿಯ ಗೋಡೆಗೂ ಬರಬೇಕಾದರೆ ಗಿರಾಕಿಗಳೂ ಕೇಳುತ್ತಿರಬೇಕು.