ಪುಕ್ಕಟೆ ಸಿಕ್ಕಿದ್ದ ಬಿಟ್‌ಕೀಪರ್

ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅಂತ ಲೆಕ್ಕ ಇಡೋ ವ್ಯವಸ್ಥೆಯೇ ವರ್ಷನ್ ಕಂಟ್ರೋಲ್. ಬಿ.ಕಾಂ. ಓದಿದ ನನಗೆ ಅದು ಅಂಗಡಿಯ ಕಿರ್ದಿ ಪುಸ್ತಕದ ಥರ ಕಾಣುತ್ತೆ. ಲಿನಕ್ಸ್ ಕರ್ನಲ್‌ಗೆ 2002ರವರೆಗೂ ಅಂಥ ಪುಸ್ತಕವೇ ಇರಲಿಲ್ಲ! ಪ್ಯಾಚ್‌ಗಳು ಇಮೇಲ್‌ನಲ್ಲಿ ಬರ್ತಿದ್ದವು, ಲಿನಸ್ ಟೊರ್ವಾಲ್ಡ್ಸ್ ತಾವೇ ಸೇರಿಸ್ತಿದ್ದರು. ಕೆಲವು ಕಳೆದೇ ಹೋಗ್ತಿದ್ದವು.

ಆ ವರ್ಷ ಅವರು ಲ್ಯಾರಿ ಮೆಕ್‌ವಾಯ್ ಕಂಪನಿಯ ಬಿಟ್‌ಕೀಪರ್ ಆರಿಸಿಕೊಂಡರು. ಮುಕ್ತ ತಂತ್ರಾಂಶದವರಿಗೆ ಅದು ಪುಕ್ಕಟೆ, ಆದರೆ ಷರತ್ತಿತ್ತು: ಹಾಗೆ ಬಳಸುವವರು ಅದಕ್ಕೆ ಪೈಪೋಟಿಯಾಗೋ ಸಾಫ್ಟ್‌ವೇರ್ ಬರೆಯುವಂತಿಲ್ಲ. ರಿಚರ್ಡ್ ಸ್ಟಾಲ್‌ಮನ್ ವಿರೋಧಿಸಿದರು. ಕೆಲಸ ಸರಾಗವಾಗಿ ಸಾಗ್ತಿತ್ತಲ್ಲ, ಲಿನಸ್ ಕೇಳಲಿಲ್ಲ.

2005ರಲ್ಲಿ ಗಂಟು ಬಿದ್ದಿತು. ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಡ್ಜೆಲ್, ಬಿಟ್‌ಕೀಪರ್ ಸರ್ವರ್ ಜೊತೆ ಮಾತಾಡೋ ಸಣ್ಣ ಪ್ರೋಗ್ರಾಂ ಬರೆದರು. ಕಳ್ಳದಾರಿ ಏನಿಲ್ಲ, ಟೆಲ್‌ನೆಟ್‌ನಲ್ಲಿ ಹೋಗಿ ‘ಹೆಲ್ಪ್’ ಅಂತ ಟೈಪ್ ಮಾಡಿದರೆ ಸರ್ವರ್ರೇ ಆದೇಶಗಳ ಪಟ್ಟಿ ಕೊಡ್ತಿತ್ತು. ಇದನ್ನವರು ಸಭೆಯಲ್ಲೇ ತೋರಿಸಿದರು. ಮೆಕ್‌ವಾಯ್ ಪುಕ್ಕಟೆ ಪರವಾನಗಿ ನಿಲ್ಲಿಸಿದರು. ಲಿನಸ್ ಸಿಟ್ಟಾಗಿದ್ದು ಟ್ರಿಡ್ಜೆಲ್ ಮೇಲೆ! ನನ್ನ ಪ್ರಕಾರ ತಪ್ಪು ಮೂರು ವರ್ಷ ಹಿಂದೆ, ಆ ಷರತ್ತಿಗೆ ಒಪ್ಪಿದಾಗಲೇ ಆಗಿತ್ತು.

ಬೇರೆ ಯಾವುದೂ ಲಿನಸ್‌ಗೆ ಹಿಡಿಸಲಿಲ್ಲ. ಸಿವಿಎಸ್ ಅಂದ್ರೆ ಮೊದಲೇ ಆಗ್ತಿರಲಿಲ್ಲ. ಏಪ್ರಿಲ್ 3ಕ್ಕೆ ತಾವೇ ಗಿಟ್ ಬರೆಯೋಕೆ ಕೂತರು; 7ನೇ ತಾರೀಖಿಗೆ ಗಿಟ್ ತನ್ನ ಕೋಡ್‌ನ ಲೆಕ್ಕ ತಾನೇ ಇಡ್ತಿತ್ತು. ಜೂನ್‌ನಲ್ಲಿ ಕರ್ನಲ್ 2.6.12 ಅದರಲ್ಲೇ ಹೊರಬಂತು. ಅದೇ ಏಪ್ರಿಲ್‌ನಲ್ಲಿ ಮ್ಯಾಟ್ ಮ್ಯಾಕಲ್ ಮರ್ಕ್ಯುರಿಯಲ್ ಶುರುಮಾಡಿದ್ದರು, ಅದರ ಕಥೆ ಇನ್ನೊಂದು ದಿನ.

2016ರಲ್ಲಿ ಬಿಟ್‌ಕೀಪರ್ ಕೂಡ ಮುಕ್ತ ತಂತ್ರಾಂಶವಾಯ್ತು. ಅಷ್ಟೊತ್ತಿಗೆ ಹೆಚ್ಚಿನವರು ಗಿಟ್‌ಗೆ ಹೋಗಿಯಾಗಿತ್ತು.